ಓಗೊಡದ ಡಿಸ್ಕು

"ಕೇಳಿರಪ್ಪೋ ಕೇಳಿ. ಕೆಂಗಲ್ಲುಪುರದ ದೊರೆ ಮಲ್ಲರಸರ ಅಪ್ಪಣೆ. ತೀರಿಕೊಂಡ ರಾಣಿಯವರ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕು ಕಾಣಿಸುತ್ತಿಲ್ಲ. ಸರಿಮಾಡುತ್ತೇನೆ ಎನ್ನುವವರು ಮೊದಲು ರಾಜಕುಮಾರಿ ಹೊನ್ನಾಂಬೆಯವರ ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ತಲೆದಂಡ."

ಡಂಗುರ ಕೇಳಿದ ಜನ, ಒಂದು ಡಬ್ಬಿಗೆ ಒಂದು ತಲೆಯೇ ಎಂದು ಪಿಸುಗುಟ್ಟಿದರು. ಡಬ್ಬಿಯೊಳಗೆ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ರಾಣಿ ಹಾಸಿಗೆ ಹಿಡಿದ ಮೇಲೆ ತನಗೆ ಬರುತ್ತಿದ್ದ ಎಂಬತ್ತು ಹಾಡುಗಳನ್ನು ಮಗಳಿಗಾಗಿ ಅದರಲ್ಲಿ ಹಾಡಿಟ್ಟಿದ್ದಳು. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಆಯುಧಪೂಜೆಯ ಮಾರನೆ ದಿನ ಹೊನ್ನಾಂಬೆ ತೆರೆದು ನೋಡಿದರೆ, ಡಿಸ್ಕು ಇಲ್ಲ ಎಂಬ ಬಿಳಿ ಅಕ್ಷರ ಮಾತ್ರ. ಅರಮನೆಯ ಮೆಕ್ಯಾನಿಕ್ಕು ಸ್ಕ್ರೂ ಬಿಚ್ಚಲು ಬಂದಾಗ ಅವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಓಡಿದಳು. ಅಮ್ಮ ಎರಡನೆಯ ಸಲ ಸಾಯುತ್ತಾಳೆಂದು ಅವಳಿಗೆ ಭಯವಾಗಿತ್ತು. ಕೆಟ್ಟ ಡಿಸ್ಕುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು, ಓದಿದಷ್ಟೂ ಭಯ ಹೆಚ್ಚಿತು. ಕೊನೆಗೆ ಆ ಭಯಗಳನ್ನೇ ಮೂರು ಒಗಟು ಮಾಡಿ ಕುಳಿತಳು.

ಮೊದಲು ಬಂದವನು ಹುಲಿಕಟ್ಟೆಯ ಯುವರಾಜ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಹೊಚ್ಚಹೊಸ ಡಿಸ್ಕನ್ನೇ ತಂದಿದ್ದ.

"ಮನೆಯಾಕೆ ಒಳಗೇ ಇದ್ದಾಳೆ," ಎಂದಳು ಹೊನ್ನಾಂಬೆ. "ನಿದ್ದೆಯಿಲ್ಲ, ಮುನಿಸಿಲ್ಲ. ಆದರೂ ಹೊರಗಿನಿಂದ ಕೂಗಿದರೆ ಓಗೊಡುವುದಿಲ್ಲ. ಏಕೆ?"

"ಸತ್ತಿರುತ್ತಾಳೆ. ಹೊಸಬಳನ್ನು ತಂದರಾಯಿತು," ಎಂದ ಯುವರಾಜ.

ತಾಯಿಯಿಲ್ಲದ ಹುಡುಗಿಯ ಮುಂದೆ ಆಡುವ ಮಾತೇ ಅದು? ಅವನು ಸೆರೆಮನೆಗೆ ಹೋದ, ಅವನ ಡಿಸ್ಕು ಉಗ್ರಾಣಕ್ಕೆ ಹೋಯಿತು.

ಎರಡನೆಯವನು ಯಂತ್ರಪಂಡಿತ ಶೂಲಪಾಣಿ. ದಾರಿ ಕಡಿದಿರಬೇಕು ಎಂದು ಮೊದಲ ಒಗಟನ್ನು ಸಲೀಸಾಗಿ ಬಿಡಿಸಿದ.

"ತುಂಬಿದ ಕಣಜದ ಬಾಗಿಲಲ್ಲಿ ಕಾವಲುಗಾರ ನಿಂತಿದ್ದಾನೆ. ಕಣಜದಲ್ಲಿ ಏನೂ ಇಲ್ಲ, ಗುಡಿಸಿಬಿಡಲೇ ಎಂದು ಕೇಳುತ್ತಾನೆ. ಅವನಿಗೆ ಏನು ಹೇಳಬೇಕು?" ಎಂದು ಹೊನ್ನಾಂಬೆ ಎರಡನೆಯದನ್ನು ಕೇಳಿದಳು.

"ಹೂಂ ಅನ್ನಬೇಕು. ಗುಡಿಸಿದರೆ ತಾನೇ ಹೊಸದು ತುಂಬುವುದು?" ಎಂದ ಪಂಡಿತ. ಅವನಿಗೂ ಸೆರೆಮನೆಯೇ ಗತಿಯಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆಮೇಲೆ ಯಾರೂ ಬರಲಿಲ್ಲ. ಅಮಾವಾಸ್ಯೆಗೆ ಮೂರು ದಿನ ಉಳಿದಾಗ ದಸ್ತಗೀರ ಬಂದ. ಅವನದು ಪಾತ್ರೆಗೆ ಕಲಾಯಿ ಹಾಕುವ ಮನೆತನ. ಊರಿಗೆಲ್ಲ ಸ್ಟೀಲು ಬಂದ ಮೇಲೆ, ಕೈಯಲ್ಲಿದ್ದ ಬೆಸುಗೆಯ ವಿದ್ಯೆಯಿಂದ ಸಂತೆಯಲ್ಲಿ ಕೂತು ರೇಡಿಯೋ, ಮೊಬೈಲು ಸರಿಮಾಡುತ್ತಿದ್ದ.

"ತಲೆ ಹೋಗುತ್ತದೆ, ಗೊತ್ತೇನಯ್ಯ?" ಎಂದ ದೊರೆ.

"ಗೊತ್ರಿ ದೊರಿ. ಒಳಗಿರೋ ಇಬ್ಬರದೂ ಹೋಗತೈತಲ್ರಿ, ಅದಕ್ಕ ಬಂದೆ."

ಮೊದಲ ಒಗಟಿಗೆ ಅವನು, "ಅಕಿ ಸತ್ತಿಲ್ರಿ ತಾಯಿ. ಮನಿಗೂ ಬೀದಿಗೂ ನಡುವಿನ ದಾರಿ ಕೆಟ್ಟೈತಿ," ಎಂದ. ಎರಡನೆಯದಕ್ಕೆ, "ಬ್ಯಾಡ ಅನ್ನಬೇಕ್ರಿ. ಕಾವಲುಗಾರನ ಕಣ್ಣು ಮಂಜಾಗೈತಿ, ಕಣಜ ಖಾಲಿ ಆಗಿಲ್ಲ," ಎಂದ.

ಮೂರನೆಯದನ್ನು ಕೇಳುವಾಗ ಹೊನ್ನಾಂಬೆ ಲ್ಯಾಪ್‌ಟಾಪನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. "ಟಿಕ್ ಟಿಕ್ ಎಂದು ಯಾರೋ ಬಾಗಿಲು ತಟ್ಟುತ್ತಾರೆ. ತಟ್ಟಿದಷ್ಟೂ ಒಳಗಿನ ಬದುಕು ಸವೆಯುತ್ತದೆ. ಬಂದವರು ಯಾರು? ಆಗ ಮಾಡುವುದೇನು?"

ದಸ್ತಗೀರ ಹೇಳಿದ: "ಬಂದದ್ದು ಸಾವು ತಾಯಿ. ಡಿಸ್ಕಿನ ಮುಳ್ಳು ಒಳಗ ಕೆರೆಯೋ ಸಪ್ಪಳ ಅದು. ಆಗ ಆಸೆ ಬಿಟ್ಟು ಆರಿಸಬೇಕು. ಇನ್ನೊಂದೇ ಸಲ ಅಂದ್ರ ಇದ್ದದ್ದೂ ಹೋಗತೈತಿ."

ಅವಳು ಲ್ಯಾಪ್‌ಟಾಪನ್ನು ಅವನ ಕೈಗೆ ಕೊಟ್ಟಳು.

ಅವನು ಬ್ಯಾಟರಿ ತೆಗೆದಿಟ್ಟು, ಹಿಂಬದಿ ಬಿಚ್ಚಿ, ಡಿಸ್ಕನ್ನು ಮೆಲ್ಲಗೆ ಈಚೆಗೆಳೆದ. ಅದು ಕೂಡುವ ಜಾಗದಲ್ಲಿ ಕೆಂಪಗೆ ಏನೋ ಹೆಪ್ಪುಗಟ್ಟಿತ್ತು, ಸುತ್ತ ಹಸಿರು ಕಿಲುಬು ಹಿಡಿದಿತ್ತು. ಬೆರಳಿಗೆ ಹಚ್ಚಿ ನೋಡಿದ. "ಕುಂಕುಮ. ತೀರ್ಥಾನೂ ಇಳಿದೈತಿ. ಆಯುಧಪೂಜಿ ಯಾರು ಮಾಡಿದ್ರಿ?"

ದೊರೆಯ ಮುಖ ಬಾಡಿತು. "ನಾನೇ. ರಾಣಿಯದಲ್ಲವೇ ಎಂದು ಮೂರು ಸಲ ಪ್ರೋಕ್ಷಣೆ ಮಾಡಿದೆ."

ದಸ್ತಗೀರ ಪೆನ್ಸಿಲಿನ ರಬ್ಬರಿನಿಂದ ಕಿಲುಬು ಉಜ್ಜಿ, ಬ್ರಷ್ಷಿನಿಂದ ಕುಂಕುಮ ತೆಗೆದು, ಡಿಸ್ಕನ್ನು ಮತ್ತೆ ಕೂರಿಸಿದ. ಡಿಸ್ಕು ಕಾಣಿಸಿಕೊಂಡಿತು. ಬೆನ್ನಿಗೇ, ಇದನ್ನು ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ತೆರೆ ಕೇಳಿತು. ಅವನು ಬೇಡವೆಂದ. ಉಗ್ರಾಣದಿಂದ ಯುವರಾಜನ ಹೊಸ ಡಿಸ್ಕು ತರಿಸಿ, ಒಂದೊಂದೇ ಹಾಡನ್ನು ಅದಕ್ಕೆ ಇಳಿಸತೊಡಗಿದ. ಹತ್ತಾಯಿತು, ನಲವತ್ತಾಯಿತು, ಅರವತ್ತೊಂದಾಯಿತು. ಅರವತ್ತೆರಡನೆಯದು ಅರ್ಧ ಇಳಿದಿತ್ತು, ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು.

ಅವನು ತಕ್ಷಣ ಆರಿಸಿದ.

"ಹಚ್ಚಯ್ಯ, ಇನ್ನೊಂದು ಸಲ ನೋಡು," ಎಂದು ದೊರೆ ಗದರಿದ. "ಹದಿನೆಂಟು ಹಾಡು ಉಳಿದಿವೆ. ಇದು ನನ್ನ ಅಪ್ಪಣೆ."

"ಬೇಡಪ್ಪಾಜಿ," ಎಂದಳು ಹೊನ್ನಾಂಬೆ. ಅಳುತ್ತಿದ್ದಳು. "ಮೂರನೆಯ ಒಗಟು ನನ್ನದೇ."

ದೊರೆ ತಲೆತಗ್ಗಿಸಿ, ಬೇಕಾದ್ದು ಕೇಳು ಎಂದು ದಸ್ತಗೀರನಿಗೆ ಹೇಳಿದ. ಅರ್ಧ ರಾಜ್ಯ ಕೇಳುತ್ತಾನೆಂದು ಸಭೆ ಕಾದಿತ್ತು.

"ಆ ಇಬ್ಬರ ತಲಿ ಕೊಡ್ರಿ, ಹೆಗಲ ಮ್ಯಾಲೆ ಇದ್ದಂಗ. ಪೂಜಿ ಮಾಡಿದ ಕೈಗೆ ಮಾಫಿ ಐತಿ ಅಂದ್ರ ತಪ್ಪು ಹೇಳಿದ ಬಾಯಿಗೂ ಇರಲಿ."

ಸೆರೆಮನೆಯ ಬಾಗಿಲು ಅಂದೇ ತೆರೆಯಿತು. ಹೊರಡುವಾಗ ದಸ್ತಗೀರ, "ಒಂದ ಕಡೆ ಇಟ್ಟದ್ದು ಇಟ್ಟಂಗಲ್ರಿ ತಾಯಿ. ಇನ್ನೊಂದು ಕಡೆನೂ ಇರಲಿ," ಎಂದ. ಇನ್ನೊಂದು ಡಿಸ್ಕು ತರಿಸಬೇಕೆಂದು ಅವನ ಅರ್ಥ.

ಸಂಜೆ ಹೊನ್ನಾಂಬೆ ಅರವತ್ತೆರಡನೆಯ ಹಾಡು ಹಚ್ಚಿದಳು. "ಹಿತ್ತಲ ಹೀರೆಯ ಹೂವ ಎಣಿಸಿ ಬಾರೆ ನನ ಮಗಳೆ" ಎಂಬಲ್ಲಿಗೆ ಅಮ್ಮನ ದನಿ ನಿಂತುಹೋಯಿತು. ಮುಂದಿನ ಸಾಲು ಅವಳಿಗೆ ನೆನಪಾಗಲಿಲ್ಲ.

ಬಾಗಿಲ ಹೊರಗೆ ನಿಂತಿದ್ದ ದೊರೆ ಗಂಟಲು ಸರಿಮಾಡಿಕೊಂಡ. ಎಂದೂ ಹಾಡದವನು, ರಾಗ ತಪ್ಪುತ್ತಲೇ ಹೇಳಿದ: "ಎಣಿಸಿದಷ್ಟೂ ಸಂಜೆ ಅರಳ್ಯಾವು."

ಅವಳು ಬಾಗಿಲು ತೆರೆದಳು. "ಒಳಗೆ ಬನ್ನಿ ಅಪ್ಪಾಜಿ," ಎಂದಳು. "ನಿಮಗೆ ಎಷ್ಟು ಬರುತ್ತವೆ?"