ಅಣ್ಣ ಬಿಟ್ಟ ಚೆಂಡು

“ಮೇಷ್ಟ್ರೇ, ಹೊಡೆದು ಆಡುವವನಿಗೆ ಯಾವ ಬ್ಲೇಡು ಒಳ್ಳೆಯದು?” ಎಂದು ಭಾರ್ಗವ ಕೇಳಿದ.

ಟೇಬಲ್ ಟೆನ್ನಿಸ್ ಕಲಿಸುವ ತಮ್ಮಣ್ಣ ಮೇಷ್ಟ್ರು ಮೇಜಿನ ಬಲೆ ಬಿಗಿಯುತ್ತಿದ್ದರು. ಬ್ಲೇಡು ಎಂದರೆ ರಬ್ಬರ್ ಅಂಟಿಸುವ ಮೊದಲಿನ ಬರಿಯ ಮರದ ಬ್ಯಾಟು. ಭಾರ್ಗವನ ಬಳಿ ಆಗಲೇ ಒಂದು ಒಳ್ಳೆಯದೇ ಇತ್ತು. ಅದಕ್ಕೇನು ಬಂದಿದೆ ಧಾಡಿ ಎಂದು ಮೇಷ್ಟ್ರು ಕೇಳಿದರು. ಏನೂ ಇಲ್ಲ, ಈಗಲೇ ನನ್ನ ಚೆಂಡನ್ನು ಇಲ್ಲಿ ಯಾರೂ ಎತ್ತಲಾರರು, ಆದರೂ ಇನ್ನಷ್ಟು ವೇಗ ಬೇಕು ಎಂದು ಅವನು ಎದೆಯುಬ್ಬಿಸಿ ಹೇಳಿದ. ಮೇಷ್ಟ್ರ ಮುಖ ಗಂಟಾಯಿತು. ಅವನನ್ನು ಬೆಂಚಿನ ಮೇಲೆ ಕೂರಿಸಿ ಕತೆ ಶುರು ಮಾಡಿದರು.

ಒಬ್ಬ ಆಟಗಾರನಿದ್ದ. ಅಪ್ಪ ಅಮ್ಮ ಇಲ್ಲ, ಅಣ್ಣನೇ ಎಲ್ಲ. ಅಣ್ಣ ಟೆಂಪೊ ಓಡಿಸಿ ಮನೆ ನಡೆಸುತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ತಮ್ಮನ ಎದುರಿಗೆ ನಿಂತು ಆಡುತ್ತಿದ್ದ. ಆಡುತ್ತಿದ್ದ ಎನ್ನುವುದೂ ತಪ್ಪೇ. ತಮ್ಮ ಹೊಡೆಯುತ್ತಿದ್ದ, ಅಣ್ಣ ಬ್ಯಾಟು ಅಡ್ಡ ಹಿಡಿದು ಚೆಂಡನ್ನು ವಾಪಸು ಕೊಡುತ್ತಿದ್ದ, ಅಷ್ಟೆ. ಆ ಊರಿನಲ್ಲಿ ಅವನಷ್ಟು ಗಟ್ಟಿಯಾಗಿ ತಡೆಯುವವರು ಇನ್ನೊಬ್ಬರಿರಲಿಲ್ಲ. ಅಣ್ಣನನ್ನು ದಾಟಿದ ಚೆಂಡು ಯಾರನ್ನಾದರೂ ದಾಟುತ್ತದೆ ಎಂಬುದು ತಮ್ಮನ ನಂಬಿಕೆ. ಹೇಗಾದರೂ ರಾಜ್ಯ ತಂಡ ಸೇರಬೇಕು, ಆಟದ ಮೇಲೆ ಒಂದು ನೌಕರಿ ಹಿಡಿಯಬೇಕು, ಅಣ್ಣನನ್ನು ಟೆಂಪೊದಿಂದ ಇಳಿಸಬೇಕು. ಇದೊಂದೇ ಅವನ ಆಸೆ. ಅಣ್ಣನೆಂದರೆ ಅವನಿಗೆ ಪ್ರಾಣ, ಅದರಲ್ಲಿ ಅನುಮಾನ ಬೇಡ.

ತಮ್ಮ ಗಡುಸು ಮರದ ಹೊಸ ಬ್ಲೇಡು ತಂದ. ಸ್ವಲ್ಪ ದಿನಕ್ಕೆಲ್ಲ ಅಣ್ಣ ಚೆಂಡು ಬಿಡತೊಡಗಿದ. ನೇರ ಬಂದದ್ದನ್ನು ಮೊದಲಿನಂತೆಯೇ ತಡೆಯುತ್ತಿದ್ದ. ಮೇಜಿನ ಅಂಚಿಗೆ ಹೋದದ್ದಕ್ಕೆ ಮಾತ್ರ ಕೈಯನ್ನೇ ಚಾಚುತ್ತಿರಲಿಲ್ಲ.

“ಕಾಣಲೇ ಇಲ್ಲ ಮಾರಾಯ” ಎಂದು ಅಣ್ಣ ನಗುತ್ತಿದ್ದ.

ತಮ್ಮ ಹಿಗ್ಗಿ ಹೀರೇಕಾಯಿಯಾದ. ಬ್ಲೇಡು ಕೆಲಸ ಮಾಡುತ್ತಿದೆ ಎಂದುಕೊಂಡ. ಆ ಹಿಗ್ಗಿನಲ್ಲೇ ಮರದ ನಡುವೆ ಕಾರ್ಬನ್ ಪದರವಿರುವ, ಅದಕ್ಕಿಂತ ಬಿರುಸಾದ ಇನ್ನೊಂದನ್ನು ಕೊಳ್ಳಲು ಹೋದ. ಇದು ಬರೀ ವೇಗದ ಬ್ಲೇಡು, ಚೆಂಡು ಎಲ್ಲಿ ತಗುಲಿತೆಂದು ಕೈಗೆ ತಿಳಿಯುವುದಿಲ್ಲ, ಯೋಚನೆ ಮಾಡಿ ಎಂದು ಅಂಗಡಿಯವನು ಹೇಳಿದ. ನನಗೆ ತಿಳಿಯದಿದ್ದರೆ ಬೇಡ, ನಮ್ಮಣ್ಣನಿಗೆ ಕಾಣದಿದ್ದರೆ ಸಾಕು ಎಂದ ಇವನು. ಎಂಥ ಮಾತು ಆಡಿದ ನೋಡು.

ಹೊಸ ಬ್ಲೇಡು ಬಂದ ಮೇಲೆ ಅಣ್ಣ ಇನ್ನೂ ಹೆಚ್ಚು ಚೆಂಡು ಬಿಟ್ಟ. ಈ ಮಧ್ಯೆ ಟೆಂಪೊದ ಎರಡೂ ಬದಿ ಗೀರು ಬಿದ್ದವು. ರಸ್ತೆಯಲ್ಲಿ ಗಾಡಿಗಳು ಜಾಸ್ತಿಯಾಗಿವೆ, ಎಲ್ಲಿಂದಲೋ ನುಗ್ಗುತ್ತವೆ ಎಂದು ಅಣ್ಣ ಗೊಣಗಿದ. ಬಾಗಿಲು ದಾಟುವಾಗ ಭುಜ ತಗುಲಿಸಿಕೊಂಡ. ವಯಸ್ಸಾಯಿತು ನಿನಗೆ ಎಂದು ತಮ್ಮ ಕಿಚಾಯಿಸಿದ, ಇಬ್ಬರೂ ನಕ್ಕರು. ಅಣ್ಣ ಏನನ್ನೂ ಮುಚ್ಚಿಡಲಿಲ್ಲ. ತಮ್ಮನ ಹೊಡೆತವೇ ಅಷ್ಟು ಜೋರು ಎಂದು ಅವನೂ ನಂಬಿದ್ದ. ತನ್ನ ಕೈಯಲ್ಲಿ ಬೆಳೆದ ಹುಡುಗ ತನ್ನನ್ನೇ ದಾಟಿದನೆಂದು ಸಿಕ್ಕವರ ಬಳಿಯೆಲ್ಲ ಹೇಳಿಕೊಂಡು ತಿರುಗಿದ. ಪಾಪ, ಅವನಿಗೆ ಅಷ್ಟು ಹೆಮ್ಮೆ.

ರಾಜ್ಯ ತಂಡದ ಆಯ್ಕೆಯ ಪಂದ್ಯ ಬಂತು. ಎದುರಾಳಿ ಹೆಸರೂ ಕೇಳದ ಒಬ್ಬ ಸಾಧಾರಣ ಆಟಗಾರ. ತಮ್ಮ ತನ್ನ ನೆಚ್ಚಿನ ಹೊಡೆತವನ್ನು ಅಂಚಿಗೆ ಹೊಡೆದ. ಚೆಂಡು ವಾಪಸು ಬಂತು. ಮತ್ತೆ ಹೊಡೆದ, ಮತ್ತೆ ಬಂತು. ಹೋದದ್ದು ಬರುವುದಿಲ್ಲವೆಂದು ನಿಂತು ರೂಢಿಯಾಗಿದ್ದವನಿಗೆ ಬಂದದ್ದನ್ನು ಏನು ಮಾಡಬೇಕೆಂದು ತೋಚಲಿಲ್ಲ. ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದ.

ಅಣ್ಣನಿಗೂ ನಂಬಲಾಗಲಿಲ್ಲ. ಬ್ಲೇಡಿನಲ್ಲೇ ಏನೋ ದೋಷವಿರಬೇಕು, ಬಾ ನೋಡೋಣ ಎಂದು ತಾನೇ ಅವನನ್ನು ಎಬ್ಬಿಸಿ ಮೇಜಿನ ಬಳಿ ಕರೆತಂದ. ಯಾಕೆ ಸೋತೆ, ಯಾಕೆ ಸೋತೆ ಎಂದು ತಮ್ಮನ ತಲೆಯಲ್ಲಿ ಒಂದೇ ಸಮನೆ ಕೊರೆಯುತ್ತಿತ್ತು. ಹೊಡೆಯುವ ಚೈತನ್ಯವೂ ಇರಲಿಲ್ಲ. ಚಿಕ್ಕ ಮಕ್ಕಳಿಗೆ ಎಸೆಯುವಷ್ಟು ಮೆತ್ತಗೆ ಚೆಂಡನ್ನು ಮೇಜಿನ ಅಂಚಿಗೆ ತಳ್ಳಿದ. ಅಣ್ಣ ಅಲುಗಲಿಲ್ಲ. ಚೆಂಡು ಒಂದು ಪುಟ ಎದ್ದು, ಅವನ ಮೊಣಕೈ ಪಕ್ಕದಲ್ಲೇ ಹಾದು ಕೆಳಗೆ ಬಿತ್ತು. ಆ ಸದ್ದಿಗೆ ಅಣ್ಣ ತಲೆ ತಿರುಗಿಸಿದ.

“ಎಂಥ ವೇಗವೋ ನಿನ್ನದು, ಕಾಣಲೇ ಇಲ್ಲ” ಎಂದ.

ತಮ್ಮ ಬ್ಯಾಟು ಅಲ್ಲೇ ಇಟ್ಟು ಅಣ್ಣನ ಕೈ ಹಿಡಿದುಕೊಂಡು ಕಣ್ಣಿನ ಡಾಕ್ಟರ ಬಳಿ ಓಡಿದ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನೋಟ ಬದಿಯಿಂದ ಸಾಯುತ್ತಾ ಬಂದಿದೆ, ನಡುವೆ ಒಂದಿಷ್ಟು ಉಳಿದಿದೆ, ಅದೂ ಎಷ್ಟು ದಿನವೋ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಬದಿಯದು ಕಾಣದೆ ಹೋದ ಹೊಸದರಲ್ಲೇ ಬಂದಿದ್ದರೆ ಬಹಳಷ್ಟು ಉಳಿಸಬಹುದಿತ್ತು ಎಂದೂ ಹೇಳಿದರು. ಅಣ್ಣ ಟೆಂಪೊದಿಂದ ಇಳಿದ. ತಮ್ಮ ಬಯಸಿದ್ದು ಹೀಗಲ್ಲ.

ಮೇಷ್ಟ್ರು ಇಷ್ಟು ಹೇಳಿ ಬಲೆಯ ಕಡೆ ತಿರುಗಿದರು. ಭಾರ್ಗವನಿಗೆ ಸಂಕಟವಾಯಿತು, ಆದರೆ ಕೇಳಿದ ಪ್ರಶ್ನೆ ಇನ್ನೂ ಬಾಯಲ್ಲೇ ಇತ್ತು. ಹಾಗಾದರೆ ಅವನು ಯಾವ ಬ್ಲೇಡು ಕೊಳ್ಳಬೇಕಿತ್ತು ಎಂದ.

“ಯಾವುದಾದರೂ ಆಗುತ್ತಿತ್ತು” ಎಂದರು ಮೇಷ್ಟ್ರು, “ಸೋತ ದಿನ ಕೇಳಿಕೊಂಡ ‘ಯಾಕೆ’ಯನ್ನು ಗೆದ್ದ ದಿನವೇ ಕೇಳಿಕೊಂಡಿದ್ದರೆ.”