ಭರಣಿಯಲ್ಲಿ ಮೆತ್ತಗಾದ ಭಂಗಿ

ವೈದ್ಯೆ ನೀಲಾಜಮ್ಮನವರ ಬಳಿ ಬೊಮ್ಮಣ್ಣ ಬಹುಕಾಲದಿಂದ ಶಿಷ್ಯನಾಗಿದ್ದ. ಬೇರು ಅರೆದಿದ್ದ, ಕಷಾಯ ಕಾಯಿಸಿದ್ದ. ಆದರೆ ಭಂಗಿಸೊಪ್ಪನ್ನು ಮುಟ್ಟಲು ಅವರು ಬಿಟ್ಟಿರಲಿಲ್ಲ. ಅರಮನೆಯ ಅಪ್ಪಣೆ ಪಡೆದು ಹಿತ್ತಲಲ್ಲಿ ಬೆಳೆಸುತ್ತಿದ್ದ ಗಿಡ ಅದು. ಅದರ ಹೂಗೊಂಚಲಿನಿಂದ ಮಾಡಿದ ಲೇಹ್ಯವೇ ನೇಕಾರರ ಕೇರಿಯ ಮುದುಕಿ ಸಂಗವ್ವನಿಗೆ ನಿದ್ದೆ ಕೊಡುತ್ತಿತ್ತು. ಮಗ್ಗದ ಮುಂದೆ ಕೂತು ಕೂತು ಸವೆದ ಅವಳ ಸೊಂಟದ ನೋವು ಬೇರೆ ಯಾವ ಔಷಧಕ್ಕೂ ಬಗ್ಗುತ್ತಿರಲಿಲ್ಲ.

ಆ ವರ್ಷ ಹಳೆಯ ಲೇಹ್ಯ ತಳ ಕಂಡಿತ್ತು. ಹೊಸ ಭಂಗಿಯ ಕೊಯ್ಲು ಮುಗಿದ ದಿನವೇ ದೂರದ ಊರಿನಲ್ಲಿ ಜ್ವರ ಹಬ್ಬಿದೆಯೆಂದು ನೀಲಾಜಮ್ಮನವರಿಗೆ ಕರೆ ಬಂತು. ಹೊರಡುವ ಮುನ್ನ ಅವರು ಶಿಷ್ಯನನ್ನು ಕರೆದರು.

"ಬಿಸಿಲಿಗೆ ಹಾಕಬೇಡ, ಗಂಧ ಹಾರಿಹೋಗುತ್ತದೆ. ಗಾಳಿಯಾಡುವ ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕು. ಎಲೆ ಮುಟ್ಟಿ ನಂಬಬೇಡ, ಕಡ್ಡಿ ಬಗ್ಗಿಸಿ ನೋಡು. ಲಟಕ್ಕನೆ ಮುರಿದರೆ ಭರಣಿಗೆ ತುಂಬು. ತುಂಬಿದ ಮೇಲೂ ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೋಡು. ಮೆತ್ತಗಾಗಿದ್ದರೆ ಹೊರತೆಗೆದು ಮತ್ತೆ ನೆರಳಿನಲ್ಲಿ ಹರವು. ಚೆನ್ನಾಗಿ ಬಂತೋ, ಔಷಧದ ಕೋಣೆಯ ಬೀಗದಕೈ ಇನ್ನು ನಿನ್ನದು."

ಬೊಮ್ಮಣ್ಣ ತಲೆಯಾಡಿಸಿದ. ಮೆತ್ತಗಾಗುವುದು ಒಣಗಿಸಲು ಬಾರದವರ ಕೈಯಲ್ಲಿ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಕೆಲಸವನ್ನು ಅವನು ಶ್ರದ್ಧೆಯಿಂದಲೇ ಮಾಡಿದ. ಗಿಡಗಳನ್ನು ಒಂದಕ್ಕೊಂದು ತಾಗದಂತೆ ಕಟ್ಟಿದ. ಅವಸರಪಡದೆ ಕಾದ. ಕಡ್ಡಿ ಲಟಕ್ಕನೆ ಮುರಿದ ಮೇಲೆಯೇ ಹೂಗಳನ್ನು ಬಿಡಿಸಿ ಭರಣಿಗೆ ತುಂಬಿದ. ಅಂದೇ ಸಂಗವ್ವನ ಸೊಸೆ ಗಿರಿಜವ್ವ ಬಾಗಿಲಿಗೆ ಬಂದಳು.

"ಏನಪ್ಪಾ ಬೊಮ್ಮಣ್ಣ, ಸೊಪ್ಪು ಒಣಗಿತೋ, ಇಲ್ಲ ಅದನ್ನು ಕಾದು ಕಾದು ನೀನೇ ಒಣಗಿದೆಯೋ?"

"ಅಮ್ಮನವರ ಕೈಯಲ್ಲೂ ಇಷ್ಟು ಹದವಾಗಿ ಒಣಗಿರಲಿಕ್ಕಿಲ್ಲ ತಾಯಿ. ಕೇರಿಗೆಲ್ಲ ಹೇಳು."

ಅವಳು ನಿಜವಾಗಿಯೂ ಕೇರಿಗೆಲ್ಲ ಹೇಳಿದಳು.

ಮರುದಿನ ಬೆಳಿಗ್ಗೆ ಬೊಮ್ಮಣ್ಣ ಮುಚ್ಚಳ ತೆಗೆದ. ಗರಿಗರಿಯಾಗಿದ್ದ ಹೂಗಳು ಮೆತ್ತಗಾಗಿದ್ದವು. ಹಿಂಡಿದರೆ ಪುಡಿಯಾಗದೆ ಬೆರಳಿಗೆ ಅಂಟಿಕೊಂಡವು. ಅವನ ಮುಖ ಬಿಸಿಯಾಯಿತು. ಭರಣಿಯಿಂದ ತೆಗೆದು ಹರವಿದರೆ ದಾರಿಯಲ್ಲಿ ಹೋಗುವವರು ಕಿಟಕಿಯಿಂದ ನೋಡುತ್ತಾರೆ. ನಿನ್ನೆ ಒಣಗಿದ್ದು ಇಂದು ಹೇಗೆ ಹಸಿಯಾಯಿತೆಂದು ಕೇಳುತ್ತಾರೆ. ಅವನು ಮುಚ್ಚಳ ಹಾಕಿ, ಮೇಲೊಂದು ಬಟ್ಟೆಯನ್ನೂ ಬಿಗಿದು ಕಟ್ಟಿದ. ಹಾಗೇ ಬಿಟ್ಟರೆ ಸರಿಹೋದೀತು ಎಂದುಕೊಂಡ. ಆಮೇಲೆ ಭರಣಿಯ ಕಡೆ ಕೈ ಹೋದಾಗಲೆಲ್ಲ ಬೇರೆ ಕೆಲಸ ನೆನಪಾಗುತ್ತಿತ್ತು.

ನೀಲಾಜಮ್ಮನವರು ಹಿಂದಿರುಗಿ, ಕಾಲು ತೊಳೆದು, ನೇರವಾಗಿ ಭರಣಿಯ ಬಳಿ ಬಂದರು. ಮೇಲೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಚ್ಚಳ ತೆಗೆಯುತ್ತಲೇ ಕೊಳೆತ ಹುಲ್ಲಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ಹೂಗಳ ಮೇಲೆ ಬಿಳಿಯ ಬೂಷ್ಟು ಹಬ್ಬಿತ್ತು.

"ಮೆತ್ತಗಾದದ್ದು ಯಾವಾಗ ಕಂಡಿತು?"

"ತುಂಬಿದ ಮರುದಿನವೇ ಅಮ್ಮಾ."

"ನನ್ನ ಭರಣಿಯಲ್ಲೂ ಮರುದಿನ ಮೆತ್ತಗಾಗುತ್ತದೆ. ಪ್ರತಿ ವರ್ಷವೂ. ಮೇಲೆ ಎಷ್ಟೇ ಒಣಗಿರಲಿ, ನಡುವೆ ಒಂದಿಷ್ಟು ನೀರು ಅಡಗಿರುತ್ತದೆ. ಮುಚ್ಚಿದಾಗ ಅದು ಹೊರಗೆ ಬರುತ್ತದೆ. ಬಂದದ್ದನ್ನು ಗಾಳಿಗೆ ಬಿಟ್ಟು ಮತ್ತೆ ಮುಚ್ಚಬೇಕು, ಮತ್ತೆ ತೆಗೆಯಬೇಕು. ಭಂಗಿ ಪಕ್ವವಾಗುವುದೇ ಹಾಗೆ."

ಬೊಮ್ಮಣ್ಣ ತಲೆ ತಗ್ಗಿಸಿದ. "ನನ್ನ ಕೈ ಕೆಟ್ಟದೆಂದು ಊರು ಆಡಿಕೊಳ್ಳುತ್ತದೆ ಅಂತ..."

"ನಿನ್ನ ಕೈ ಚೆನ್ನಾಗಿಯೇ ಇತ್ತು. ಇದನ್ನು ಗುಂಡಿಗೆ ಸುರಿ. ಸಂಗವ್ವನಿಗೆ ನೀನೇ ಹೋಗಿ ಹೇಳು."

ಸಂಗವ್ವ ಗೋಡೆಗೆ ಒರಗಿ ಕೂತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿದಳು. ಬೈಯಲಿಲ್ಲ.

"ಅಷ್ಟು ದಿನ ನೀನು ನೆಮ್ಮದಿಯಾಗಿ ಮಲಗಿದೆಯಾ ಮಗಾ?" ಎಂದಳು.

"ಇಲ್ಲ ಅವ್ವಾ."

"ಹಾಗಾದರೆ ಇಬ್ಬರೂ ಎದ್ದೇ ಇದ್ದೆವು ಬಿಡು."

ಹಿತ್ತಲ ಮೂಲೆಯಲ್ಲಿ ತಡವಾಗಿ ಹೂ ಬಿಟ್ಟ ಒಂದು ಗಿಡ ಇನ್ನೂ ನಿಂತಿತ್ತು. ಊರಿಗೆಲ್ಲ ಸಾಲದಿದ್ದರೂ ಒಬ್ಬ ಮುದುಕಿಗೆ ಸಾಕಾಗುವಷ್ಟಿತ್ತು. ನೀಲಾಜಮ್ಮನವರು ಅದನ್ನೂ ಬೊಮ್ಮಣ್ಣನ ಕೈಗೇ ಕೊಟ್ಟರು. ಅವನು ಮತ್ತೆ ತೂಗುಹಾಕಿದ, ಕಾದ, ಕಡ್ಡಿ ಮುರಿದು ನೋಡಿ ಭರಣಿಗೆ ತುಂಬಿದ.

ಮರುದಿನ ಬೆಳಿಗ್ಗೆ ಜಗಲಿಯ ತುಂಬ ರೋಗಿಗಳು ಕೂತಿದ್ದರು, ಗಿರಿಜವ್ವನೂ ಇದ್ದಳು. ಬೊಮ್ಮಣ್ಣ ಭರಣಿಯನ್ನು ಎತ್ತಿಕೊಂಡು ಅವರ ನಡುವೆಯೇ ನಡೆದುಬಂದ.

"ಅಮ್ಮಾ, ಮೆತ್ತಗಾಗಿದೆ."

"ಅಯ್ಯೋ, ಮತ್ತೆಯೂ?" ಎಂದಳು ಗಿರಿಜವ್ವ.

"ಹೌದು ತಾಯಿ, ಮತ್ತೆಯೂ. ನಾಳೆಯೂ ಆದೀತು. ಸ್ವಲ್ಪ ಸರಿದು ಕೂರು, ನೆರಳಿನಲ್ಲಿ ಹರವಬೇಕು."

ನೀಲಾಜಮ್ಮನವರು ನಾಡಿ ನೋಡಲು ಹಿಡಿದಿದ್ದ ರೋಗಿಯ ಕೈಯನ್ನು ಬಿಡಲಿಲ್ಲ. ಇನ್ನೊಂದು ಕೈಯಿಂದ ಸೊಂಟದ ಬೀಗದಕೈ ಬಿಚ್ಚಿ, ಅವನು ಹಾಸಿದ ಬಟ್ಟೆಯ ಅಂಚಿನಲ್ಲಿಟ್ಟರು.

ನೀತಿ: ಮಾಡಿದ ಕೆಲಸದಲ್ಲಿ ಕುಂದು ಕಾಣಿಸಿಕೊಂಡಾಗ, ಅದು ತಿದ್ದಿಕೊಳ್ಳಲು ಒದಗಿದ ಕಾಲವೆಂದು ತಿಳಿಯಬೇಕು. ಮಾನಕ್ಕೆ ಅಂಜಿ ಮುಚ್ಚಿಟ್ಟರೆ ಕುಂದಿನ ಜೊತೆಗೆ ಒಳ್ಳೆಯದೂ ಕೊಳೆಯುತ್ತದೆ. ಅದರ ನೋವನ್ನು ನಮ್ಮನ್ನು ನಂಬಿದವರು ಉಣ್ಣಬೇಕಾಗುತ್ತದೆ.