ದಡ ಬಿಡದ ದೋಣಿ

ನದಿಯ ದಡದ ಆಶ್ರಮದಲ್ಲಿ ನಿರ್ವಾಣಜ್ಜ ಎಂಬ ಗುರುಗಳಿದ್ದರು. ಮದ್ದು ಬಲ್ಲವರು. ಅವರ ಶಿಷ್ಯ ಸಾಂಬಯ್ಯ ಬಡಗಿಯ ಮಗ. ಬಾಗಿಲು, ಮಂಚ ಮಾಡುವ ಮನೆತನ. ಮರ ಒಣಗಿದಷ್ಟೂ ಒಳ್ಳೆಯದೆಂದು ಕಲಿತವನು.

ಆಶ್ರಮದ ಹಳೆಯ ದೋಣಿ ಮುರಿದಾಗ ಅವನೇ ಹೊಸದೊಂದನ್ನು ಕಟ್ಟಿದ. ಎಂಥ ದೋಣಿ ಅದು! ಬಂದವರು ಹಲಗೆಯ ಮೇಲೆ ಕೈಯಾಡಿಸದೆ ಹೋಗುತ್ತಿರಲಿಲ್ಲ.

ಆದರೆ ಅದು ನೀರಿಗಿಳಿಯಲಿಲ್ಲ. ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ ಸಾಂಬಯ್ಯನಿಗೆ ಊಟ ಸೇರದು. ನಾರು ತುರುಕುವನು, ರಾಳ ಬಳಿಯುವನು, ಬಿಸಿಲಿಗೆ ಒಣಗಲು ಬಿಡುವನು. ಮಾರನೆಯ ದಿನ ಇನ್ನೊಂದು ಕಡೆ ಸಂದು.

"ನೀರಿಗಿಳಸಪ್ಪ," ಎನ್ನುವರು ಅಜ್ಜ.

"ಇನ್ನೆರಡು ದಿನ ತಡೀರಿ ಅಜ್ಜಾರ," ಎನ್ನುವನು ಶಿಷ್ಯ. ಬೇಸಿಗೆ ಹೀಗೇ ಕಳೆಯಿತು.

ಒಂದು ಮಧ್ಯಾಹ್ನ ಆಚೆ ದಡದಿಂದ ಯಾರೋ ಕೂಗಿಕೊಂಡರು. "ಅಜ್ಜಾರ! ನಮ್ಮವ್ವಗ ಜ್ವರ ನೆತ್ತಿಗೇರೈತ್ರೀ! ಲಗೂ ಬರ್ರಿ!"

ಅಜ್ಜ ಮದ್ದಿನ ಚೀಲ ಹೆಗಲಿಗೇರಿಸಿದರು. "ದೋಣಿ ತಳ್ಳು, ಸಾಂಬಾ."

ಸಾಂಬಯ್ಯ ದೋಣಿಗೆ ಅಡ್ಡ ನಿಂತ. "ಇನ್ನೂ ಸಂದು ಅದಾವ್ರೀ. ನೀರು ನುಗ್ಗಿದ್ರ ನನ್ನ ಕೈಗೆ ಕೆಟ್ಟ ಹೆಸರು."

"ಹಂಗಾದ್ರ ಎರಡು ದಿನ ತಡಿ ಅಂತ ಜ್ವರಕ್ಕ ನೀನ ಹೇಳಿ ಬಾ."

ಸಾಂಬಯ್ಯ ದೋಣಿ ತಳ್ಳಿದ.

ನಾಲ್ಕು ಮಾರು ಹೋಗುವಷ್ಟರಲ್ಲಿ ನೀರು ಪಾದ ಮುಚ್ಚಿತು. ಅವನಿಗೆ ನಾಚಿಕೆಯಿಂದ ಅಳುವೇ ಬಂತು. "ತಿರುಗಿಸ್ಲೇನ್ರೀ ಅಜ್ಜಾರ?"

"ನೀ ಹುಟ್ಟು ಹಾಕು," ಎಂದು ಅಜ್ಜ ತಂಬಿಗೆ ಎತ್ತಿಕೊಂಡರು. ಹೊಳೆ ದಾಟುವವರೆಗೂ ಆ ಮುದುಕರು ನೀರು ಮೊಗೆದು ಚೆಲ್ಲಿದರು. ಒಮ್ಮೆಯೂ ಮುಖ ಸಿಂಡರಿಸಲಿಲ್ಲ, ದೋಣಿಯನ್ನು ಬೈಯಲಿಲ್ಲ. ನೋಡುತ್ತ ನೋಡುತ್ತ ಸಾಂಬಯ್ಯನಿಗೆ ತನ್ನ ಹೆಸರಿನ ಚಿಂತೆ ಮರೆತೇ ಹೋಯಿತು.

ಮೊಣಕಾಲಿನವರೆಗೆ ನೆನೆದು ಇಬ್ಬರೂ ದಡ ಸೇರಿದರು. ದೋಣಿಯನ್ನು ನೀರಿನಲ್ಲೇ ಕಟ್ಟಿ ಓಡಿದರು. ಬೆಳಗಾಗುವ ಹೊತ್ತಿಗೆ ಆ ತಾಯಿ ಬೆವತು, ಕಣ್ಣು ಬಿಟ್ಟು ಗಂಜಿ ಕೇಳಿದಳು.

ಉಳಿದ ನೀರು ಚೆಲ್ಲಿ ಮರಳಿ ಹೊರಟರು. ನಡುಹೊಳೆಯಲ್ಲಿ ಸಾಂಬಯ್ಯ ಕೆಳಗೆ ನೋಡಿದ. ಹೊಸ ನೀರು ಒಂದು ಬೊಗಸೆಯೂ ಇರಲಿಲ್ಲ. ಬಗ್ಗಿ ಬೆರಳಾಡಿಸಿದ. ಹಲಗೆಗಳು ಒಂದಕ್ಕೊಂದು ಬಿಗಿಯಾಗಿ ಕೂತಿದ್ದವು.

"ಅಜ್ಜಾರ, ಸಂದೆಲ್ಲ ಎಲ್ಲಿ ಹೋದ್ವು?"

"ರಾತ್ರಿಯೆಲ್ಲ ಹಲಗಿ ನೀರು ಕುಡಿದು ಉಬ್ಬ್ಯಾವು. ಬಿಸಿಲಾಗ ಇಟ್ಟಷ್ಟೂ ಒಣಗಿ ಬಾಯಿ ಬಿಡತಿದ್ವು."

ಸಾಂಬಯ್ಯನ ಕೈಯಲ್ಲಿ ಹುಟ್ಟು ನಿಂತುಬಿಟ್ಟಿತು. "ಹಂಗಾದ್ರ ನಾ ಮಾಡಿದ್ದೆಲ್ಲ ದಂಡ ಆತೇನ್ರೀ?"

"ಇಲ್ಲಪ್ಪ. ನಿನ್ನ ಕೆಲಸ ಭಾಳ ಚಂದ ಮಾಡಿ ಎಂದೋ ಮುಗಿಸಿದ್ದಿ. ಆಮ್ಯಾಲ ನೀರು ಮಾಡೋ ಕೆಲಸಾನೂ ನೀನ ಮಾಡಾಕ ಕುಂತಿ."